ಪತ್ರಿಕೆ ಓದಿ ಬೆಳೆದ ತಂದೆತಾಯಂದಿರಿಗೊಂದು ಬಹಿರಂಗ ಪತ್ರ

ಸನ್ನಿವೇಲ್, ಕ್ಯೂಪರ್ಟಿನೊ, ಫ್ರೀಮಾಂಟ್, ಸ್ಯಾನ್ ಹೋಸೆಯ ಕನ್ನಡ ತಂದೆತಾಯಂದಿರೇ,

ಯಾರ ಮಗ ಬರ್ಕ್ಲಿಗೆ ಹೋಗುತ್ತಾನೆ, ಯಾರ ಮಗಳಿಗೆ ಯುಸಿಎಲ್‌ಎ ಸಿಕ್ಕಿತು ಎಂಬ ಸುದ್ದಿ ನಮ್ಮಲ್ಲಿ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲೇ ಎಲ್ಲರಿಗೂ ತಲುಪಿಬಿಡುತ್ತದೆ. ಡಿ ಆಂಜಾ, ಫುಟ್‌ಹಿಲ್, ಮಿಷನ್, ಓಲೋನಿ ಕಮ್ಯೂನಿಟಿ ಕಾಲೇಜುಗಳ ಹೆಸರು ಆ ಸಾಲಿನಲ್ಲಿ ಕೇಳಿಸುವುದು ಅಪರೂಪ. ಕೇಳಿಸಿದರೂ ತಂದೆಯೋ ತಾಯಿಯೋ ದನಿ ತಗ್ಗಿಸಿ, “ಎರಡು ವರ್ಷ ಅಷ್ಟೇ, ಆಮೇಲೆ ಟ್ರಾನ್ಸ್‌ಫರ್ ಮಾಡ್ಕೋತಾನೆ” ಎಂದು ಸೇರಿಸುತ್ತಾರೆ. ಓದುತ್ತಿರುವುದು ಪತ್ರಿಕೋದ್ಯಮ ಎಂದರಂತೂ ಎದುರಿಗಿದ್ದವರಿಗೆ ಏನು ಹೇಳಬೇಕೆಂದೇ ತೋಚುವುದಿಲ್ಲ. ನನ್ನ ಮಗಳು ಕಮ್ಯೂನಿಟಿ ಕಾಲೇಜಿನಲ್ಲಿ ಓದುತ್ತಿರುವುದು ಪತ್ರಿಕೋದ್ಯಮವನ್ನೇ. ನಿಮ್ಮಲ್ಲಿ ಕೆಲವರು ನನಗೆ ಸಮಾಧಾನ ಹೇಳಿದಿರಿ. ಅದರ ಹಿಂದಿದ್ದ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನನಗೆ ನಿಮ್ಮೊಡನೆ ವಾದವೊಂದಿದೆ, ಅದನ್ನು ಎಲ್ಲರೆದುರೇ ಮಾಡಬೇಕೆನಿಸಿತು.

ನಾವು ಪತ್ರಿಕೆ ಓದಿಯೇ ಬೆಳೆದವರು. ಬೆಳಗಿನ ಕಾಫಿಗೆ ಮೊದಲು ‘ಪ್ರಜಾವಾಣಿ’ ಯಾರ ಕೈಗೆ ಸಿಗಬೇಕೆಂದು ಅಣ್ಣತಂಗಿಯರು ಜಗಳವಾಡಿದ ಮನೆಗಳು ನಮ್ಮವು. ‘ಸುಧಾ’ ಬರುವ ದಿನ ನೆನಪಿಟ್ಟುಕೊಂಡವರು ನಾವು. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾದ ಮೇಲೆ ಮಂತ್ರಿಗಳ ಹೆಸರನ್ನು ಹೆದರದೆ ಆಡಲು ಕಲಿತ ತಲೆಮಾರು ನಮ್ಮದು. ‘ವಾಚಕರ ವಾಣಿ’ಯಲ್ಲಿ ಹೆಸರು ಅಚ್ಚಾದ ದಿನ ಆ ಪುಟವನ್ನು ಕತ್ತರಿಸಿಟ್ಟುಕೊಂಡವರೂ ನಿಮ್ಮಲ್ಲಿದ್ದೀರಿ. ಊರಿನ ರಸ್ತೆ, ಕೆರೆ, ಶಾಲೆ, ಸೊಸೈಟಿಯ ಲೆಕ್ಕ ಇವೆಲ್ಲ ಸಾರ್ವಜನಿಕರ ವಿಷಯ ಎಂಬ ತಿಳಿವಳಿಕೆ ನಮಗೆ ಬಂದದ್ದು ಅಲ್ಲಿಂದ. ಬರೆಯುವವರು ಮಾತ್ರ ಯಾವಾಗಲೂ ಬೇರೆಯವರ ಮಕ್ಕಳೇ ಆಗಿರಬೇಕು ಎಂದು ನಾವು ಯಾವಾಗ ತೀರ್ಮಾನಿಸಿದೆವು?

ಅಮೆರಿಕದಲ್ಲಿ ಪತ್ರಿಕೋದ್ಯಮ ಓದುವುದು ಕನ್ನಡಿಗರಿಗೆ ಹೊಸದೂ ಅಲ್ಲ. ಜಗತ್ತಿನ ಮೊದಲ ಪತ್ರಿಕೋದ್ಯಮ ಶಾಲೆ ಎಂದು ಹೆಸರಾದದ್ದು 1908ರಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ತೆರೆದ ಶಾಲೆ. ನಾಡಿಗ ಕೃಷ್ಣಮೂರ್ತಿಯವರು ಅಲ್ಲಿ ಓದಿ ಹಿಂತಿರುಗಿ, 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಕಟ್ಟಿದರು. ಕನ್ನಡ ಪತ್ರಿಕೆಗಳ ಸಂಪಾದಕೀಯ ವಿಭಾಗಗಳಲ್ಲಿ ಕುಳಿತ ಎಷ್ಟೋ ಮಂದಿ ಆ ವಿಭಾಗದಿಂದ ಬಂದವರು. ಅದೇ ಮಿಸ್ಸೂರಿಯಲ್ಲಿ 1956ರಲ್ಲಿ ಪದವಿ ಪಡೆದವರು ಜಿಮ್ ಲೆಹ್ರರ್. ನೀವು ಈ ದೇಶಕ್ಕೆ ಬಂದ ಹೊಸತರಲ್ಲಿ ಸಂಜೆ ಪಿಬಿಎಸ್ ಹಾಕಿದರೆ ಕಾಣುತ್ತಿದ್ದ, ಏರಿದ ದನಿಯಲ್ಲಿ ಮಾತಾಡದ ಆ ಮನುಷ್ಯ. ಅಧ್ಯಕ್ಷೀಯ ಚುನಾವಣೆಗಳ 12 ಚರ್ಚೆಗಳನ್ನು ನಡೆಸಿಕೊಟ್ಟವರು. ಮಿಸ್ಸೂರಿಗೆ ಹೋಗುವ ಮೊದಲು ಅವರು ಓದಿದ್ದು ಟೆಕ್ಸಾಸ್‌ನ ವಿಕ್ಟೋರಿಯಾ ಕಾಲೇಜಿನಲ್ಲಿ. ಅದು ಎರಡು ವರ್ಷದ ಕಾಲೇಜು, ನಾವು ಹೆಸರು ಹೇಳಲು ಹಿಂಜರಿಯುವ ಜಾತಿಯದೇ.

ಈ ಕಾಲೇಜುಗಳ ಬಗ್ಗೆ ನಮ್ಮಲ್ಲಿ ಮಾತು ಹೆಚ್ಚು, ತಿಳಿದದ್ದು ಕಡಿಮೆ. 1901ರಲ್ಲಿ ಇಲಿನಾಯ್ಸ್‌ನ ಜೋಲಿಯೆಟ್‌ನಲ್ಲಿ ಶುರುವಾದ ಪ್ರಯೋಗ ಇದು. ಊರು ಬಿಟ್ಟು ಹೋಗಲಾಗದವರಿಗೆ ಪದವಿಯ ಮೊದಲೆರಡು ವರ್ಷವನ್ನು ಊರಲ್ಲೇ ಕೊಡುವುದು ಅದರ ಉದ್ದೇಶ. ಇಂದು ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಸರ್ಕಾರಿ ಕಾಲೇಜುಗಳಿವೆ, ಸುಮಾರು 20 ಲಕ್ಷ ವಿದ್ಯಾರ್ಥಿಗಳಿದ್ದಾರೆ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್ ಶುಲ್ಕ, ಅಸೋಸಿಯೇಟ್ ಪದವಿಗೆ ಬೇಕಾದದ್ದು 60 ಯೂನಿಟ್. ಒಟ್ಟು 2,760 ಡಾಲರ್. ಮೊದಲ ಸಲ ಪೂರ್ಣಾವಧಿಗೆ ಸೇರುವವರಿಗೆ ಎರಡು ವರ್ಷ ಅದನ್ನೂ ಮನ್ನಾ ಮಾಡುವ ಕಾಲೇಜುಗಳು ಬಹಳಷ್ಟಿವೆ. 2010ರ ಕಾನೂನಿನ ನಂತರ ಪತ್ರಿಕೋದ್ಯಮಕ್ಕೂ ಕಮ್ಯುನಿಕೇಶನ್‌ಗೂ ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿ ಬಂದಿದೆ. ಅದನ್ನು ಮುಗಿಸಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಜಾಗ ಖಾತ್ರಿ. 1934ರಿಂದ ‘ಸ್ಪಾರ್ಟನ್ ಡೈಲಿ’ ಹೊರಡಿಸುತ್ತಿರುವ ಸ್ಯಾನ್ ಹೋಸೆ ಸ್ಟೇಟ್ ನಮ್ಮ ಪಕ್ಕದಲ್ಲೇ ಇದೆ.

ಇಷ್ಟು ಹೇಳಿ ಕೈತೊಳೆದುಕೊಂಡರೆ ಅನ್ಯಾಯವಾಗುತ್ತದೆ. ವರ್ಗಾವಣೆಯ ದಾರಿ ಕಾಗದದಲ್ಲಿ ಕಾಣುವಷ್ಟು ಸಲೀಸಾಗಿಲ್ಲ. 2017ರಿಂದ 2019ರ ನಡುವೆ ವರ್ಗಾವಣೆಯ ಉದ್ದೇಶದಿಂದ ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ದಾಟಿದವರು ಐವರಲ್ಲಿ ಒಬ್ಬರಷ್ಟೇ ಎಂದು ರಾಜ್ಯದ ಲೆಕ್ಕ ಪರಿಶೋಧಕರು 2024ರಲ್ಲಿ ವರದಿ ಕೊಟ್ಟಿದ್ದಾರೆ. ಉಳಿದವರಿಗೆ ಬುದ್ಧಿ ಇರಲಿಲ್ಲವೆಂದು ನಾನು ನಂಬುವುದಿಲ್ಲ. ಹಗಲೆಲ್ಲ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿದು ರಾತ್ರಿ ತರಗತಿಗೆ ಬರುವವರು, ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬರುವ ತಾಯಂದಿರು, ಸೈನ್ಯದಿಂದ ಮರಳಿದವರು ಅಲ್ಲಿ ಸಾಲುಸಾಲು. ಬಾಡಿಗೆ ಏರಿದ ತಿಂಗಳು ಅವರು ಮೊದಲು ಬಿಡುವುದು ಒಂದು ಕೋರ್ಸನ್ನು. ಬೇಕಾದ ಕೋರ್ಸು ಆ ಅವಧಿಯಲ್ಲಿ ಸಿಗದೆ ಆರು ತಿಂಗಳು ಕಾಯಬೇಕಾಗುವುದೂ ಉಂಟು. ನಮ್ಮ ಮಕ್ಕಳಿಗೆ ಮನೆ ಇದೆ, ಊಟ ಇದೆ, ಕಾರಿದೆ. ಅವರ ಪಕ್ಕದ ಕುರ್ಚಿಯಲ್ಲಿ ಕೂರುವವರ ಬದುಕು ಹೇಗೆ ನಡೆಯುತ್ತದೆಂದು ಅವರಿಗೆ ತಿಳಿಯುವ ಜಾಗ ಈ ಕಣಿವೆಯಲ್ಲಿ ಬೇರೆ ಯಾವುದಿದೆ ಹೇಳಿ. ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಇರಲಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

“ಅಲ್ಲಿ ಕಲಿಸುವುದಾದರೂ ಏನು? ಬರೆಯೋಕೆ ಯಾರಿಗೆ ಬರಲ್ಲ?” ಎಂದು ನಿಮ್ಮಲ್ಲೊಬ್ಬರು ಕೇಳಿದ್ದಿರಿ. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರ ಕೊಡಬೇಕು.

ಕಮ್ಯುನಿಕೇಶನ್ ವಿಭಾಗದಲ್ಲಿ ಸಾರ್ವಜನಿಕ ಭಾಷಣ, ವಾದ ಮಂಡನೆ, ಬೇರೆ ಬೇರೆ ಸಂಸ್ಕೃತಿಯವರ ನಡುವಿನ ಮಾತುಕತೆ ಕಲಿಸುತ್ತಾರೆ. ಸ್ಟೇಟ್ ಯೂನಿವರ್ಸಿಟಿಯಲ್ಲಿ ಪದವಿ ಪಡೆಯಬೇಕಾದರೆ ಇಂಜಿನಿಯರಿಂಗ್ ಓದುವವರೂ ಮೌಖಿಕ ಸಂವಹನದ ಕೋರ್ಸೊಂದನ್ನು ಮುಗಿಸಲೇಬೇಕು ಎಂಬುದು ನಿಮಗೆ ತಿಳಿದಿರಲಿ. ಪತ್ರಿಕೋದ್ಯಮದಲ್ಲಿ ಸಮೂಹ ಮಾಧ್ಯಮದ ಪರಿಚಯ, ವರದಿಗಾರಿಕೆ, ಛಾಯಾಚಿತ್ರ, ವಿಡಿಯೊ ಎಲ್ಲ ಇವೆ. ಆದರೆ ಇಡೀ ಓದಿನ ತಿರುಳು ಇರುವುದು ವಿದ್ಯಾರ್ಥಿ ಪತ್ರಿಕೆಯಲ್ಲಿ. ಅದೂ ಯೂನಿಟ್ಟು ಸಿಗುವ ಒಂದು ತರಗತಿ. ಡಿ ಆಂಜಾದಲ್ಲಿ ‘ಲಾ ವೋಸ್’, ಸಾಂಟಾ ಮೋನಿಕಾದಲ್ಲಿ ‘ದಿ ಕೋರ್ಸೇರ್’, ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಕಾಲೇಜಿನಲ್ಲಿ ‘ದಿ ಗಾರ್ಡ್ಸ್‌ಮನ್’. ಸಂಪಾದಕರು ವಿದ್ಯಾರ್ಥಿಗಳೇ. ಅಧ್ಯಾಪಕರು ಸಲಹೆ ಕೊಡುತ್ತಾರೆ, ಯಾವ ಸುದ್ದಿ ಹೋಗಬೇಕೆಂದು ತೀರ್ಮಾನಿಸುವವರು ಮಕ್ಕಳು.

ಮಗಳು ಮೊದಲ ಅವಧಿಯಲ್ಲಿ ಕಲಿತದ್ದನ್ನು ಕೇಳಿ ನಾನು ಬೆರಗಾದೆ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಕಾಯ್ದೆ ಇದೆ. ನಗರಸಭೆ, ಶಾಲಾ ಮಂಡಳಿ, ಕಾಲೇಜು ಮಂಡಳಿಗಳು ತಮ್ಮ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು. 1968ರಿಂದ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಯಾರು ಕೇಳಿದರೂ ದಾಖಲೆ ಕೊಡಲಾಗುತ್ತದೋ ಇಲ್ಲವೋ ಎಂದು ಕಚೇರಿ 10 ದಿನದಲ್ಲಿ ತಿಳಿಸಬೇಕು. ಊರಿನಲ್ಲಿ ಆರ್‌ಟಿಐ ಅರ್ಜಿ ಬರೆದವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ. 1990ರ ಕ್ಲೆರಿ ಕಾಯ್ದೆಯಂತೆ ಕ್ಯಾಂಪಸ್ ಪೊಲೀಸರು ಅಪರಾಧಗಳ ದಿನವಹಿ ಪುಸ್ತಕ ಇಡಬೇಕು, ಕೇಳಿದವರಿಗೆ ತೋರಿಸಬೇಕು. ಹದಿನೆಂಟರ ಮಕ್ಕಳು ಆ ಪುಸ್ತಕ ಕೇಳಿ ಪಡೆದು, ಸಾಲುಸಾಲಾಗಿ ಓದಿ, ವರ್ಷದ ಕೊನೆಯ ಅಂಕಿಅಂಶಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಖಾಸಗಿ ಮಾತುಕತೆಯನ್ನು ಧ್ವನಿಮುದ್ರಿಸಲು ಎಲ್ಲರ ಒಪ್ಪಿಗೆ ಬೇಕು ಎಂಬ ರಾಜ್ಯದ ಕಾನೂನು, ಸುದ್ದಿಮೂಲವನ್ನು ಕಾಪಾಡುವ ಹಕ್ಕು, ಮಾನನಷ್ಟ ಎಲ್ಲಿಂದ ಶುರುವಾಗುತ್ತದೆ ಎಂಬುದು ಇವೆಲ್ಲ ಅವರ ಪಾಠದಲ್ಲಿವೆ. ನಾವು ಇಪ್ಪತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿಯೂ ಇವುಗಳಲ್ಲಿ ಒಂದನ್ನೂ ಬಳಸಿಲ್ಲ.

ಒಂದು ಹೆಸರಿನ ಸ್ಪೆಲ್ಲಿಂಗ್ ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕು. ಕಾಪಿ ಡೆಸ್ಕಿನಲ್ಲಿ ಕೂತವರು ವರದಿಯ ಪ್ರತಿ ಸಾಲಿಗೂ “ಇದು ನಿನಗೆ ಹೇಗೆ ಗೊತ್ತು?” ಎಂದು ಕೇಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನೆಲ್ಲ ಮುಂದೆ ತಳ್ಳುವ ನಮ್ಮ ಮನೆಗಳಿಗೆ ಈ ಒಂದು ಪ್ರಶ್ನೆ ಬಂದರೆ ಸಾಕು, ಎರಡು ವರ್ಷದ ಶುಲ್ಕ ವಸೂಲಾದಂತೆ.

ಇದು ಮಕ್ಕಳಾಟ ಎನ್ನುವವರಿಗೆ ಸ್ಯಾನ್ ಡಿಯೇಗೊ ಹತ್ತಿರದ ಚೂಲಾ ವಿಸ್ಟಾದಲ್ಲಿರುವ ಸೌತ್‌ವೆಸ್ಟರ್ನ್ ಕಾಲೇಜಿನ ಕತೆ ಹೇಳಬೇಕು. ಅದೂ ಕಮ್ಯೂನಿಟಿ ಕಾಲೇಜು, ಅಲ್ಲಿನ ಪತ್ರಿಕೆ ‘ದಿ ಸನ್’. 2010ರಲ್ಲಿ, ಆಡಳಿತ ಮಂಡಳಿಯ ಚುನಾವಣೆ ಎದುರಿಗಿದ್ದಾಗ, ಮುದ್ರಣ ಗುತ್ತಿಗೆಯ ಬಗ್ಗೆ ವರ್ಷಗಳಿಂದ ಯಾರೂ ಪಾಲಿಸದಿದ್ದ ನಿಯಮವೊಂದನ್ನು ಹೊರತೆಗೆದು ಆಡಳಿತ ಪತ್ರಿಕೆಯ ಅಚ್ಚು ನಿಲ್ಲಿಸಿತು. ವಿದ್ಯಾರ್ಥಿಗಳು ಹೊರಗಿನಿಂದ ಹಣ ಕೂಡಿಸಿ ಸಂಚಿಕೆ ತಂದರು. ಕಮ್ಯೂನಿಟಿ ಕಾಲೇಜಿನ ವಿದ್ಯಾರ್ಥಿಗಳ ಅಭಿವ್ಯಕ್ತಿಯನ್ನು ರಕ್ಷಿಸುವ ನಿಯಮ ರಾಜ್ಯದ ಶಿಕ್ಷಣ ಸಂಹಿತೆಯಲ್ಲೇ ಇದೆ ಎಂಬುದು ಅವರಿಗೆ ತಿಳಿದಿತ್ತು. ನಂತರದ ವರ್ಷಗಳಲ್ಲಿ ಆ ಭಾಗದ ಶಿಕ್ಷಣ ಸಂಸ್ಥೆಗಳ ಕಟ್ಟಡ ಗುತ್ತಿಗೆಗಳಲ್ಲಿ ನಡೆದ ಲಂಚದ ಬಗ್ಗೆ ಜಿಲ್ಲಾ ಅಭಿಯೋಜಕರು ಮೊಕದ್ದಮೆ ಹೂಡಿದರು, ಆ ಕಾಲೇಜಿಗೆ ಸೇರಿದವರೂ ಅದರಲ್ಲಿ ಸಿಕ್ಕಿಬಿದ್ದರು. ಇಂಥ ಕಟ್ಟಡಗಳಿಗೆ ಬಳಸುವ ಬಾಂಡ್ ಹಣ ಎಂದರೆ ಮನೆ ಇರುವವರ ಆಸ್ತಿ ತೆರಿಗೆಯ ಹಣ. ಡಿ ಆಂಜಾ, ಫುಟ್‌ಹಿಲ್‌ಗಳಿಗೂ ನಾವು ನೀವು ಅಂಥ ಬಾಂಡಿನ ಬಾಬತ್ತು ಕಟ್ಟುತ್ತಿದ್ದೇವೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. 1989ರ ಲೋಮಾ ಪ್ರೀಟಾ ಭೂಕಂಪದ ವರದಿಗಾಗಿ ‘ಮರ್ಕ್ಯುರಿ ನ್ಯೂಸ್’ ಸಿಬ್ಬಂದಿಗೆ ಮರುವರ್ಷ ಪುಲಿಟ್ಜರ್ ಬಂದಿತ್ತು. ಆ ಪತ್ರಿಕೆಯ ಸುದ್ದಿಮನೆ ಈಗ ಆಗಿನ ನೆರಳಷ್ಟೂ ಉಳಿದಿಲ್ಲ. ದೇಶವೆಲ್ಲ ಇದೇ ಪಾಡು. 2005ರಿಂದ ಈಚೆಗೆ ಅಮೆರಿಕದ ಪತ್ರಿಕೆಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮುಚ್ಚಿವೆ, 200ಕ್ಕೂ ಹೆಚ್ಚು ಕೌಂಟಿಗಳಲ್ಲಿ ಸ್ಥಳೀಯ ಸುದ್ದಿಗೆ ಒಂದೂ ಮೂಲವಿಲ್ಲ ಎಂದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಡಿಲ್ ಶಾಲೆಯ ವಾರ್ಷಿಕ ವರದಿಗಳು ಹೇಳುತ್ತಿವೆ. ಜಗತ್ತಿಗೆಲ್ಲ ಮಾಹಿತಿ ಹಂಚುವ ಯಂತ್ರಗಳನ್ನು ಕಟ್ಟಿದ ಈ ಕಣಿವೆಯಲ್ಲೇ, ನಮ್ಮ ನಗರಸಭೆಯಲ್ಲಿ ನಿನ್ನೆ ರಾತ್ರಿ ಏನು ತೀರ್ಮಾನವಾಯಿತೆಂದು ತಿಳಿಯುವುದು ಕಷ್ಟವಾಗಿದೆ. ಆ ಯಂತ್ರಗಳನ್ನು ಕಟ್ಟಿದವರಲ್ಲಿ ನಮ್ಮವರು ಎಷ್ಟೊಂದು ಮಂದಿ! ಕ್ಯೂಪರ್ಟಿನೊದ ವಾಲ್ಕೊ ಮಾಲಿನ ಜಾಗದಲ್ಲಿ ಏನು ಕಟ್ಟಬೇಕೆಂದು ವರ್ಷಗಟ್ಟಲೆ ಜಗಳ ನಡೆದಾಗ ನೀವೆಲ್ಲ ನೆರೆಹೊರೆಯ ಗುಂಪುಗಳ ಗಾಳಿಮಾತನ್ನೇ ಓದಿ ಗಾಬರಿಯಾದಿರಿ. ಸಭೆಯಲ್ಲಿ ಕೊನೆಯವರೆಗೂ ಕೂತು ಬರೆದುಕೊಳ್ಳುವ ವರದಿಗಾರರು ಎಷ್ಟು ಕಡಿಮೆ ಎಂಬುದು ಅಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ. ಈಗ ಹಲವು ಊರುಗಳಲ್ಲಿ ವರದಿಗಾರರ ಆ ಕುರ್ಚಿಯಲ್ಲಿ ಕೂರುವವರು ವಿದ್ಯಾರ್ಥಿ ವರದಿಗಾರರು.

ನಮ್ಮ ಬಗ್ಗೆ ಬರುವ ಸುದ್ದಿಯನ್ನೇ ತೆಗೆದುಕೊಳ್ಳಿ. ಜಾತಿ ತಾರತಮ್ಯ ನಿಷೇಧಿಸುವ ಎಸ್‌ಬಿ 403 ಮಸೂದೆ ಬಂದಾಗ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಾದವು. 2023ರ ಅಕ್ಟೋಬರ್‌ನಲ್ಲಿ ರಾಜ್ಯಪಾಲ ನ್ಯೂಸಮ್ ಅದಕ್ಕೆ ಸಹಿ ಹಾಕದೆ ತಿರಸ್ಕರಿಸುವವರೆಗೂ ಎರಡೂ ಕಡೆಯವರಿಂದ ನಾನು ಕೇಳಿದ ದೂರು ಒಂದೇ: ಬರೆಯುವವರಿಗೆ ನಮ್ಮ ಸಮಾಜ ಗೊತ್ತಿಲ್ಲ. ಮಸೂದೆಯ ಪರವಾಗಿದ್ದವಳು ನಾನು, ವಿರೋಧಿಸಿದವರ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟಿಲ್ಲ. ಗೊತ್ತಿರುವವರು ಬರೆಯಬೇಕೆಂದರೆ ನಮ್ಮ ಮಕ್ಕಳು ಆ ಕೆಲಸ ಕಲಿಯಬೇಕಲ್ಲ? ಗ್ರೀನ್ ಕಾರ್ಡಿನ ಸಾಲನ್ನು ನೋಡಿ. ಉದ್ಯೋಗದ ಮೇಲೆ ಕೊಡುವ ವಾರ್ಷಿಕ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಸುಮಾರು ಶೇ 7ರ ಮಿತಿ. ತಂದೆತಾಯಿ ಸಾಲಿನಲ್ಲಿ ನಿಂತಿರುವಾಗಲೇ ಮಗುವಿಗೆ 21 ತುಂಬಿ, ಅವಲಂಬಿತರ ವೀಸಾ ಕೈತಪ್ಪಿ, ತಾನು ಬೆಳೆದ ದೇಶದಲ್ಲೇ ಪರಕೀಯವಾಗುತ್ತದೆ. ಇದು ನಿಮ್ಮ ಪಕ್ಕದ ಮನೆಯಲ್ಲಿ ನಡೆಯುತ್ತಿದೆ. ಅಂಥ ಹುಡುಗನ ಜೊತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾತಾಡಿ, ಅವನ ತಾಯಿಯ ಅಡುಗೆಮನೆಯಲ್ಲಿ ಕೂತು ಕೇಳಿ, ಕಾನೂನಿನ ಕಲಮನ್ನೂ ತಪ್ಪಿಲ್ಲದೆ ಬರೆಯಬಲ್ಲವರು ಯಾರು? ಬೇರೆ ಊರಿನಿಂದ ಎರಡು ದಿನಕ್ಕೆ ಬಂದ ವರದಿಗಾರರಿಗೆ ಅದು ಆಗದ ಮಾತು.

ನಿಮ್ಮ ಭಯಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮೊದಲನೆಯದು ಹಣ. ಕೇಂದ್ರ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ದೇಶದ ವರದಿಗಾರರ ಮಧ್ಯಾಂಕ ಸಂಬಳ ವರ್ಷಕ್ಕೆ 57,500 ಡಾಲರ್. ನಮ್ಮ ಕಡೆ ಒಂದು ಕೋಣೆಯ ಬಾಡಿಗೆ ಕಟ್ಟಿದರೆ ಅದರಲ್ಲಿ ಎಷ್ಟು ಉಳಿಯುತ್ತದೆಂದು ನಿಮಗೆ ಗೊತ್ತು. ಆ ಕೆಲಸಗಳ ಸಂಖ್ಯೆಯೂ ಇಳಿಮುಖವಾಗಿದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಸ್ಥಳೀಯ ಸುದ್ದಿಮನೆಗಳಿಗೆ ಹೊಸ ವರದಿಗಾರರನ್ನು ಸಂಬಳ ಕೊಟ್ಟು ಕಳಿಸಲು ರಾಜ್ಯ ಸರ್ಕಾರ 2022ರಲ್ಲಿ ಬರ್ಕ್ಲಿಯ ಪತ್ರಿಕೋದ್ಯಮ ಶಾಲೆಗೆ 2.5 ಕೋಟಿ ಡಾಲರ್ ಕೊಟ್ಟಿತು. 2019ರಲ್ಲಿ ಶುರುವಾದ ‘ಸ್ಯಾನ್ ಹೋಸೆ ಸ್ಪಾಟ್‌ಲೈಟ್’ನಂಥ ಲಾಭರಹಿತ ಸುದ್ದಿಸಂಸ್ಥೆಗಳು ಓದುಗರ ದೇಣಿಗೆಯಿಂದ ನಡೆಯುತ್ತಿವೆ. ಸಂಬಳ ಕಡಿಮೆ ಎಂದು ಮಗಳನ್ನು ತಡೆಯುವ ನಾವು, ಒಂದು ಸ್ಥಳೀಯ ಪತ್ರಿಕೆಗೂ ಚಂದಾ ಕಟ್ಟುತ್ತಿಲ್ಲ. ಆ ಸಂಬಳ ಕಡಿಮೆಯಾಗಿರುವುದರಲ್ಲಿ ನಮ್ಮ ಪಾಲೂ ಇದೆ.

ಎರಡನೆಯ ಭಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯೆದುರೇ ಗುಂಡಿಕ್ಕಿ ಕೊಂದರು. ಇಲ್ಲಿ ಇಂಥದ್ದು ನಡೆಯುವುದಿಲ್ಲ ಎಂದು ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು, 2007ರ ಆಗಸ್ಟ್ 2ರ ಬೆಳಿಗ್ಗೆ, ನಮ್ಮಿಂದ ಒಂದು ಗಂಟೆ ದೂರದ ಓಕ್ಲಂಡ್‌ನಲ್ಲಿ ‘ಓಕ್ಲಂಡ್ ಪೋಸ್ಟ್’ ಸಂಪಾದಕ ಚಾನ್ಸಿ ಬೇಲಿ ಕೆಲಸಕ್ಕೆ ನಡೆದು ಹೋಗುತ್ತಿದ್ದಾಗ ಗುಂಡಿಗೆ ಬಲಿಯಾದರು. ಊರಿನ ಒಂದು ಬೇಕರಿ ಸಂಸ್ಥೆಯ ಹಣಕಾಸಿನ ಬಗ್ಗೆ ಅವರು ವರದಿ ಸಿದ್ಧಪಡಿಸುತ್ತಿದ್ದರು. ಅವರು ಓದಿದ್ದು ಓಕ್ಲಂಡ್‌ನ ಕಮ್ಯೂನಿಟಿ ಕಾಲೇಜಾದ ಮೆರಿಟ್‌ನಲ್ಲಿ, ಅಲ್ಲಿಂದ ಸ್ಯಾನ್ ಹೋಸೆ ಸ್ಟೇಟ್‌ಗೆ. ಕೊಲೆಯಾದ ಮೇಲೆ ಬೇರೆ ಬೇರೆ ಪತ್ರಿಕೆಗಳ ವರದಿಗಾರರು, ಪತ್ರಿಕೋದ್ಯಮ ವಿದ್ಯಾರ್ಥಿಗಳು ಸ್ಪರ್ಧೆ ಮರೆತು ಒಟ್ಟಾಗಿ ಆ ತನಿಖೆಯನ್ನು ಮುಂದುವರಿಸಿದರು. 2011ರಲ್ಲಿ ಕೊಲೆಗೆ ಆಜ್ಞೆ ಕೊಟ್ಟವನಿಗೆ ಶಿಕ್ಷೆಯಾಯಿತು. ಮಗಳು ರಾತ್ರಿ ತಡವಾಗಿ ಮನೆಗೆ ಬರುವಾಗ ನನಗೂ ನಿದ್ದೆ ಹತ್ತುವುದಿಲ್ಲ. ಆದರೂ ಬೇಡ ಎನ್ನಲು ನನ್ನಿಂದಾಗದು. ಗೌರಿಯವರ ಸಾವಿಗೆ ಇಲ್ಲಿ ಮೇಣದಬತ್ತಿ ಹಿಡಿದು ನಿಂತವರಲ್ಲಿ ನಾನೂ ಇದ್ದೆ. ಆ ಕೆಲಸ ನಡೆಯಬೇಕೆಂದು ಅಲ್ಲಿ ನಿಂತು, ಮನೆಗೆ ಬಂದು ಮಗಳಿಗೆ ನೀನು ಮಾಡಬೇಡ ಎಂದು ಹೇಗೆ ಹೇಳಲಿ?

ನಿಮ್ಮ ಮಕ್ಕಳೆಲ್ಲ ಪತ್ರಕರ್ತರಾಗಲಿ ಎಂದು ನಾನು ಕೇಳುತ್ತಿಲ್ಲ. ಆಗಬೇಕೆನ್ನುವ ಮಗು ನಿಮ್ಮ ಮನೆಯಲ್ಲಿದ್ದರೆ, ಅದರ ಕಾಲೇಜಿನ ಹೆಸರನ್ನು ಊಟದ ಸಾಲಿನಲ್ಲಿ ಗಟ್ಟಿಯಾಗಿ ಹೇಳಿ. ಕೌನ್ಸೆಲರ್ ಹತ್ತಿರ ಹೋಗುವಾಗ ಜೊತೆಗೆ ಹೋಗಿ, ಯಾವ ಯೂನಿಟ್ಟು ಎಲ್ಲಿಗೆ ಸಲ್ಲುತ್ತದೆಂದು ಮೊದಲ ಅವಧಿಯಲ್ಲೇ ಬರೆಸಿಕೊಳ್ಳಿ, ಅರ್ಧಕ್ಕೆ ನಿಂತವರಲ್ಲಿ ಎಷ್ಟೋ ಮಂದಿಗೆ ಆ ಆಸರೆ ಸಿಕ್ಕಿರುವುದಿಲ್ಲ. ಸಂಜೆ ಮಂಡಳಿಯ ಸಭೆಗೆ ಹೋಗುವ ಮಗುವಿಗೆ ಬುತ್ತಿ ಕಟ್ಟಿಕೊಡಿ. ನಿಮ್ಮೂರಿನ ಒಂದು ಪತ್ರಿಕೆಗೆ ಚಂದಾ ಕಟ್ಟಿ.

ಇನ್ನೊಂದು ಕೋರಿಕೆ ಇದೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಾಲೇಜು ಪತ್ರಿಕೆಯ ಮಕ್ಕಳು ನಮ್ಮವರಿಗೆ ಫೋನ್ ಮಾಡಿದಾಗ ಬರುವ ಉತ್ತರ ಸಾಮಾನ್ಯವಾಗಿ ಒಂದೇ ಎಂದು ಮಗಳು ಹೇಳುತ್ತಾಳೆ. ಅರ್ಧ ಗಂಟೆ ಮನಬಿಚ್ಚಿ ಮಾತಾಡುತ್ತೀರಿ, ಶಾಲೆಯ ವಿಷಯ, ಬಾಡಿಗೆಯ ವಿಷಯ, ಆಫೀಸಿನ ಲೇ-ಆಫ್ ವಿಷಯ ಎಲ್ಲ ಹೇಳುತ್ತೀರಿ. ಕೊನೆಗೆ “ನನ್ನ ಹೆಸರು ಮಾತ್ರ ಹಾಕಬೇಡಮ್ಮ” ಎನ್ನುತ್ತೀರಿ. ವೀಸಾದ ಭಯ ಇರುವವರನ್ನು ನಾನು ಒತ್ತಾಯಿಸಲಾರೆ. ಪೌರತ್ವ ಪಡೆದು, ಸ್ವಂತ ಮನೆ ಕಟ್ಟಿಕೊಂಡು, ಪ್ರತಿ ಚುನಾವಣೆಗೂ ಮತ ಹಾಕುತ್ತಿರುವವರು ನಿಮ್ಮಲ್ಲಿ ನೂರಾರು ಮಂದಿ ಇದ್ದೀರಿ. ಮುಂದಿನ ಸಲ ಅಂಥ ಫೋನ್ ಬಂದರೆ ಎತ್ತಿ, ಹೇಳಬೇಕಾದದ್ದನ್ನು ಹೇಳಿ, ಹೆಸರು ಕೇಳಿದಾಗ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬಿಡಿಸಿ ಹೇಳಿ.